ಚೆಂಬಿನ ಅಂದಾಜು

ಬೆಳಗಿನ ಜಾವ ನಾಲ್ಕೂ ಇಪ್ಪತ್ತು. ಎರಡು ಪಾಯಿಂಟ್ ಎಂಟು.
ಎಷ್ಟು ಮಂದಿಗೆ ಗೊತ್ತಾಯ್ತು, ಸಂಜೆಯೊಳಗೆ ಕಳಿಸಿ
ಎಂದು ಮಡಿಕೇರಿಯಿಂದ ಫೋನು.

ಇಲ್ಲಿ ಮನೆಗೂ ಮನೆಗೂ ನಡುವೆ
ಒಂದು ಗುಡ್ಡ, ಒಂದು ನಾಯಿ.

ಹೊನ್ನಮ್ಮಕ್ಕನ ಸ್ಟ್ಯಾಂಡಿನ ಲೋಟಗಳು ಮಾತಾಡಿದುವಂತೆ;
ಮಂಚದ ಮೇಲಿನ ಗಂಡನಿಗೆ ಗೊರಕೆ.
ಬರೆದೆ: ಒಂದು ಹೌದು, ಒಂದು ಇಲ್ಲ.
ಲೈನ್‌ಮನೆಯಲ್ಲಿ ಚಾಪೆಯ ಹನ್ನೊಂದು ಮಂದಿಯೂ
ಎದ್ದು ಕೂತಿದ್ದರು.
ನೆಲಕ್ಕೆ ಹತ್ತಿರದವರಿಗೆ ಸುದ್ದಿ ಬೇಗ.

ಪೇಪರ್ ತರಲು ಸಂಪಾಜೆಗೆ ಹೊರಟಿದ್ದ ಜೀಪಿನ ಬೆಳ್ಯಪ್ಪ
"ನನಗೆ ದಿನಾ ಹೀಗೇ ಸಾರ್" ಎಂದ.
ಕಿವಿ ಕೇಳದ ಪಾತುಮ್ಮ
ಅಂಗೈಯನ್ನು ಗೋಡೆಗೊತ್ತಿ ತೋರಿಸಿದಳು,
ಎಲ್ಲರಿಗಿಂತ ಮುಂಚೆ ಅಂತ.

ಗುಡ್ಡ ಜಾರಿದ ವರ್ಷ ಬದುಕಿಕೊಂಡ ಚೋಮುಣಿ
ನನ್ನ ಪುಸ್ತಕವನ್ನೇ ನೋಡುತ್ತ
"ಯಾವ ರಾತ್ರಿಯದು?" ಅಂದ.
ಅದಕ್ಕೆ ಕಾಲಂ ಇರಲಿಲ್ಲ.

ಮಧ್ಯಾಹ್ನ, ಚಹಾದಂಗಡಿಯಲ್ಲಿ ಲೆಕ್ಕ ಬೆಳೆದಿತ್ತು:
ರಾತ್ರಿ ಮಂಗಳೂರಲ್ಲಿದ್ದವನಿಗೂ ಗೊತ್ತಾಗಿತ್ತು.

ಇನ್ನೂರ ಮೂವತ್ತು ಮನೆ, ಮನೆಗೆ ಒಂದೂವರೆ;
ಮುನ್ನೂರ ನಲವತ್ತೈದು ಎಂದು ಬರೆದು
ಪೆನ್ನು ಹಿಡಿದೇ ಕೂತೆ.
ನಾನೂ ಅಲುಗಿದ್ದು ನಿಜ,
ಆದರೆ ಭುಜ ಹಿಡಿದು ಅಲುಗಿಸಿದ್ದು
ದಮಯಂತಿ.