ಮೊಣಕಾಲಿನಿಂದ ಕೆಳಗೆ

ಉಪ್ಪಳ ಗೇಟಿನ ಹತ್ತಿರ, ಅಂದುಞ್ಞಿಯ ಅಂಗಡಿ ಮಾಡಿನ ಮೇಲೆ
ಅವನು ಓಡುತ್ತಿದ್ದಾನೆ, ಮೂವತ್ತಡಿ ಉದ್ದ,
ಕೈಯಲ್ಲಿ ನೀಲಿ ಬಾಟ್ಲಿ.
ಮುಖ ಅವನದು, ದೇಶಕ್ಕೇ ಗೊತ್ತು.
ಮೊಣಕಾಲಿನಿಂದ ಕೆಳಗೆ ನಾನು.

ನಂಬಬೇಕೆಂದಿಲ್ಲ. ಅಮ್ಮನೇ ನಂಬಲಿಲ್ಲ.
ತಂಗಿ ಸುಗಂಧಿ ಮಾತ್ರ ಬಸ್ಸಿನ ಕಿಟಿಕಿಯಿಂದ ಕತ್ತು ಹೊರಹಾಕಿ
"ಅಣ್ಣನ ಬರೆ!" ಎಂದು ಕಿರುಚಿದಳಂತೆ.
ಏಳನೇ ಕ್ಲಾಸಿನಲ್ಲಿ ಮಾವನ ಬೈಕಿನ ಸೈಲೆನ್ಸರ್ ತಾಗಿ ಆದದ್ದು,
ಎಡ ಮೀನಖಂಡದ ಮೇಲೆ, ಬಂಗುಡೆಯಷ್ಟೇ ಉದ್ದ.
ಕಂಪ್ಯೂಟರಿನಲ್ಲಿ ಉಜ್ಜಲಿಕ್ಕೆ ಮರೆತಿರಬೇಕು,
ಇಲ್ಲವೇ ಅವನಿಗೆ ಒಪ್ಪುತ್ತದೆ ಅನಿಸಿರಬೇಕು.

ಕಣ್ವತೀರ್ಥದ ಹೊಯಿಗೆಯಲ್ಲಿ ಅವತ್ತು
ಬೆಳಗ್ಗೆ ಐದರಿಂದ ಬಿಸಿಲೇರುವವರೆಗೆ ಓಡಿದೆ,
ಇಪ್ಪತ್ತಾರು ಸಲ.
ಇನ್ನೊಮ್ಮೆ, ಇನ್ನೊಮ್ಮೆ ಎನ್ನುವ ಹುಡುಗಿಗೆ
ಮಲಯಾಳವೂ ಬಾರದು, ಕನ್ನಡವೂ ಬಾರದು, ತುಳು ಕೇಳುವುದೇ ಬೇಡ.
ಕೈಸನ್ನೆ ಸಾಕಾಯಿತು.
ಅವನು ಕೊಡೆಯ ಕೆಳಗೆ ಕೂತಿದ್ದ.
ಬೆವರು ಬೇಕಾದಾಗ ಒಬ್ಬ ಬಂದು ಅವನ ಹಣೆಗೆ
ಕ್ಷೌರದಂಗಡಿಯ ಕುಪ್ಪಿಯಂಥದರಿಂದ ಗ್ಲಿಸರಿನ್ ಚಿಮುಕಿಸಿದ.
ನನ್ನ ಬೆವರು ಕ್ಯಾಮರಾಕ್ಕೆ ಆಗುವುದಿಲ್ಲವಂತೆ:
ಬೇಗ ಆರುತ್ತದೆ, ಉಪ್ಪು ಕಾಣುತ್ತದೆ.

ಕೆಟ್ಟವನೆಂದು ಹೇಳಲಾರೆ.
ಹೊರಡುವಾಗ ಕೈಕುಲುಕಿ, ಒಳ್ಳೆ ಓಟ, ಎಂದ ಹಿಂದಿಯಲ್ಲಿ.
ಕುಡಿದದ್ದು ಮಾತ್ರ ಅವನದೇ ಫ್ಲಾಸ್ಕಿನ ನೀರು.
ನೀಲಿಯನ್ನು ಬಾಯಿ ತುಂಬಿಕೊಂಡು, ಕಣ್ಣು ಮುಚ್ಚಿ, ಅಹಾ ಎನ್ನುವಂತೆ ಮಾಡಿ,
ಕಟ್ ಎಂದ ಕೂಡಲೇ
ಬಕೆಟಿಗೆ ಉಗುಳಿದ.

ನನಗೆ ಎರಡೂವರೆ ಸಾವಿರ, ಒಂದು ಪೆಟ್ಟಿಗೆ ಬಾಟ್ಲಿ.
ಅಮ್ಮ ಒಂದು ಗುಟುಕು ನೋಡಿ "ಜ್ವರದ ಮದ್ದು" ಎಂದಳು.
ಖಾಲಿಯಾದವುಗಳಲ್ಲಿ ಈಗ ತೆಂಗಿನೆಣ್ಣೆ, ಸೀಮೆಎಣ್ಣೆ,
ಒಂದರಲ್ಲಿ ಸುಗಂಧಿಯ ಮನಿಪ್ಲಾಂಟು.

ಚಿತ್ರದ ಅಡಿಯಲ್ಲಿ ಮಲಯಾಳದಲ್ಲಿ ಬರೆದಿದೆ:
ದಣಿವು ನನ್ನ ಹಿಂದೆ.
ತಲಪಾಡಿ ದಾಟಿದರೆ ಅದನ್ನೇ ಕನ್ನಡದಲ್ಲಿ ಹೇಳುತ್ತಾನೆ.
ಟಿವಿಯಲ್ಲಾದರೆ ಎರಡರಲ್ಲೂ ಹೇಳುತ್ತಾನೆ, ಯಾರದೋ ಗಂಟಲಿನಿಂದ.
ಸ್ವರ ಬಾಡಿಗೆಯದು, ಬೆವರು ಕುಪ್ಪಿಯದು, ಕಾಲು ನನ್ನದು;
ಉಳಿದದ್ದು ಎರಡು ಹುಬ್ಬು, ಒಂದು ನಗು.
ಪೈವಳಿಕೆಯ ಮಕ್ಕಳು ಟ್ಯೂಷನ್ ದುಡ್ಡು ಉಳಿಸಿ
ಆ ನಗುವನ್ನೇ ಕುಡಿಯುತ್ತಾರೆ.

ಮೊನ್ನೆ ಜಿಲ್ಲಾ ಕೂಟ. ನಸುಕಿಗೇ ಎದ್ದು ಅಮ್ಮ
ಗಂಜಿತಿಳಿಗೆ ಉಪ್ಪು ಹಾಕಿ ಕೊಟ್ಟಳು.
ಓಡಲು ಕಲಿತಂದಿನಿಂದ ಅದೇ. ಕುಡಿದು ಹೊರಟೆ.
ಗೇಟು ಹಾಕಿತ್ತು, ರೈಲು ಬರಲಿಕ್ಕಿತ್ತು.
ತಲೆಯೆತ್ತಿದರೆ ಅವನು.
ಅವನ ಕೆಳಗೆ, ಬರೆ ಹೊತ್ತ ನನ್ನ ಕಾಲು
ನನಗಿಂತ ಜೋರಾಗಿ ಓಡುತ್ತಿದ್ದ ಹಾಗೆ ಕಂಡಿತು.

"ಎಂತ ಬೇಕು?" ಎಂದ ಅಂದುಞ್ಞಿ.
ರೈಲು ಹೋಗುವವರೆಗೆ ಸುಮ್ಮನಿದ್ದೆ.
ಆಮೇಲೆ ಅರುವತ್ತು ರೂಪಾಯಿ ಎಣಿಸಿಟ್ಟು
ನೀಲಿಯದ್ದು, ಎಂದೆ.
ತಣ್ಣಗಿರುವುದು.