ಇಡೀ ಮೆಣಸು

ಎವರ್ಟನ್ ಹೇಳಿಕೊಟ್ಟದ್ದು ಇಷ್ಟೆ:
ಮೆಣಸು ಇಡಿಯಾಗಿ ತೇಲಬೇಕು ಮಾರಾಯ,
ಅದು ಒಡೆದರೆ ಶನಿವಾರವೇ ಒಡೆದಂತೆ.
ಮಾರಾಯ ಅಂತ ಸೇರಿಸಿದ್ದು ನಾನು.
ಅವನು ಅಂದದ್ದು ಮ್ಯಾನ್. ತೂಕ ಒಂದೇ.

ಹಡಗಿನ ಅಡಿಗೆಕೋಣೆಯಲ್ಲಿ ಎಂಟು ವರ್ಷ
ಅವನ ಎಡಕ್ಕೆ ನಿಂತು ಈರುಳ್ಳಿ ಕೊಚ್ಚಿದವ ನಾನು.
ಅವನ ಜಮೈಕಾದಲ್ಲಿ ಶನಿವಾರ ಅಂದರೆ ಕೋಳಿ ಸೂಪು,
ಅಲೆ ಎಷ್ಟೇ ಎದ್ದರೂ,
ಪಾತ್ರೆಯನ್ನು ಒಲೆಗೆ ಕಟ್ಟಿಯಾದರೂ.

ಇವತ್ತು ಬೋಳಾರದಲ್ಲಿ ಶನಿವಾರ.
ಮಗಳು ಜೊವಿಟಾಗೆ ನಾಲ್ಕು ದಿನದ ನೆಗಡಿ.
ಥೈಮ್ ಎಲ್ಲಿಂದ ತರಲಿ?
ಬಾವಿಕಟ್ಟೆಯ ದೊಡ್ಡಪತ್ರೆಯನ್ನು ಉಜ್ಜಿ ಮೂಸಿದೆ:
ದೂರದ ದಾಯಾದಿ, ವಾಸನೆಯಲ್ಲಿ ಕುಲ ಸಿಕ್ಕಿತು.
ನೆರೆಯ ಬೇಲಿಗೆ ಒರಗಿದೆ ಸರ್ವಸಾಂಬಾರದ ಮರ,
ಯಾವ ಹಡಗಿನಿಂದ ಇಳಿಯಿತೋ, ಯಾರೂ ಕೇಳಿಲ್ಲ.
ಚೀನಿಕಾಯಿ, ಕೆಸುವಿನ ಗಡ್ಡೆ, ಸೀಮೆಬದನೆ
ಮಾರ್ಕೆಟಿನಲ್ಲೇ ಸಿಕ್ಕಿದವು.
ಮೆಣಸು ಮಾತ್ರ
ಕಾಲುಚೀಲದಲ್ಲಿ ಬಂದ ಎರಡು ಬೀಜದಲ್ಲಿ ಒಂದು ಹುಟ್ಟಿ,
ಪೈಂಟ್ ಡಬ್ಬಿಯಲ್ಲಿ ಬೆಳೆದು ಬಿಟ್ಟ ಮೊದಲ ಕಾಯಿ.
ಮುದುಡಿದ ಹಳದಿ ಟೊಪ್ಪಿ.

ಅತ್ತೆ ಸೆವ್ರಿನ್ ಬಾಯಿ ಮುಚ್ಚಳ ಎತ್ತಿದರು.
ತೆಂಗಿನಕಾಯಿ? ಇಲ್ಲ.
ಹುಳಿ? ಇಲ್ಲ.
"ಎಂಥದಿದು, ಕೋಳಿಗೆ ಸ್ನಾನ ಮಾಡಿಸ್ತಾ ಇದ್ದೀಯಾ?"

ಮೈದಾ ನಾದಿ, ಅಂಗೈ ನಡುವೆ ಹೊಸೆದು
ಬೆರಳುದ್ದದ ಬತ್ತಿಗಳನ್ನು ಕುದಿಗೆ ಬಿಡುವಾಗ
ಅವರಿಗೆ ತಡೆಯಲಾಗಲಿಲ್ಲ.
ಹಿಟ್ಟು ಕಸಿದುಕೊಂಡು,
ಅರುವತ್ತು ವರ್ಷ ಪುಂಡಿ ಕಟ್ಟಿದ ಕೈ
ಉಂಡೆ ಮಾಡಿ, ನಡುವೆ ಹೆಬ್ಬೆರಳ ಗುಳಿ ಒತ್ತಿ
ಒಂದೊಂದಾಗಿ ಇಳಿಸಿತು.
ಎವರ್ಟನ್, ಕ್ಷಮಿಸು.
ಅವು ನಿನ್ನವಕ್ಕಿಂತ ಬೇಗ ಬೆಂದವು.

ಸೌಟು ಹಾಕಿ ತಿರುವಿದ್ದೂ ಅವರೇ.
ನಾನು ಬಾಯಿ ತೆರೆಯುವಷ್ಟರಲ್ಲಿ
ಟೊಪ್ಪಿ ಒಡೆದಿತ್ತು.

ಮೊದಲ ಚಮಚಕ್ಕೆ ಯಾರೂ ಮಾತಾಡಲಿಲ್ಲ.
ಎರಡನೆಯದಕ್ಕೆ ಜೊವಿಟಾಳ ಮೂಗು ತೆರೆಯಿತು,
ಮಳೆಗಾಲದ ಮೋರಿಯ ಹಾಗೆ.
ಅತ್ತೆ, ಸಾವಿನ ಮನೆಯಲ್ಲಿ ಕೂತವರಂತೆ
ಸೆರಗಿನಲ್ಲಿ ಕಣ್ಣೊರೆಸುತ್ತ, ಬಟ್ಟಲು ಮುಂದೆ ಚಾಚಿದರು:
"ಇನ್ನೊಂಚೂರು ಹಾಕು.
ಉಪ್ಪು ಮಾತ್ರ ಕಮ್ಮಿ."

ಸಂಜೆ, ಅವನಲ್ಲಿ ಬೆಳಗಾಗುವ ಹೊತ್ತಿಗೆ
ಫೋನು ಗುಣುಗುಟ್ಟಿತು. ಪಾತ್ರೆಯ ಫೋಟೋ ನೋಡಿದ್ದಾನೆ.
ಕೋಳಿ ಹೇಗಾಯ್ತು, ಮಗಳು ಹೇಗಿದ್ದಾಳೆ, ಏನಿಲ್ಲ.
ಕೇಳಿದ್ದು ಒಂದೇ: ಮೆಣಸು?

ಇನ್ನೂ ಉರಿಯುವ ತುಟಿ ನೆಕ್ಕಿಕೊಂಡು
ಬರೆದೆ:
ತೇಲುತ್ತಿದೆ, ಮಾರಾಯ.