ನಾಯಿಯ ಕಿವಿ

ಪುಂತಾ ಅರೇನಾಸಿನ ಇಳಿಜಾರಿನಲ್ಲಿ, ಬೆಳಗಿನ ಐದಕ್ಕೆ,
ನನ್ನ ಬ್ರೆಡ್ಡಿನ ವ್ಯಾನು ನಿಲ್ಲುವ ಮೊದಲೇ
ಅದರ ಕಿರುಚು ಮನೆಮನೆಯ ಬಾಗಿಲಿಗೂ ಹೋಗಿ ನಿಂತಿರುತ್ತಿತ್ತು.
ಹಂದಿ ಕೊಯ್ದ ಹಾಗೆ, ಎಂದಳು ಮೂಲೆಮನೆಯ ದೊಮಿತಿಲಾ.
ತಗಡಿನ ಮೇಲೆ ಉಗುರೆಳೆದ ಹಾಗೆ, ಎಂದ ಪಾದ್ರಿ.
ನಾನು ಗಾಳಿಯ ಮೇಲೆ ಹಾಕಿದೆ.
ಈ ಊರಲ್ಲಿ ಏನು ಕೆಟ್ಟರೂ ಗಾಳಿಯ ಮೇಲೆ ಹಾಕುವುದು ವಾಡಿಕೆ.

ಗ್ಯಾರೇಜಿನವನು ಹೇಳಿದ ಲೆಕ್ಕ
ಎರಡು ವಾರದ ಹಿಟ್ಟಿನ ದುಡ್ಡು.
ಎದುರುಮನೆಯ ಆನ್ಸೆಲ್ಮೊನ ಬಾಗಿಲು ತಟ್ಟಿದೆ.
ತಟ್ಟಿ ಏನು ಬಂತು? ಕಿಟಕಿಗೆ ಹೋಗಿ ಕೈಬೀಸಿದೆ.
ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ ರಿವೆಟ್ ಬಡಿದವನು;
ಅವನು ಕೆಲಸ ಬಿಟ್ಟಾಗ ಸುತ್ತಿಗೆಗಳು
ಅವನ ಕಿವಿಗಳನ್ನು ಅಲ್ಲೇ ಇಟ್ಟುಕೊಂಡವು.

ತುಟಿ ಓದಿದ. ಬೂಟು ಮೆಟ್ಟಿದ.
ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ:
ಒತ್ತಿದಾಗಲೋ, ಬಿಟ್ಟಾಗಲೋ?
ಒತ್ತಿದಾಗ, ಎಂದೆ.
ಹಾಗಾದರೆ ಸವೆತ ಹೇಳುವ ತಗಡಲ್ಲ;
ಅದು ದಾರಿಯುದ್ದಕ್ಕೂ ಅಳುತ್ತದೆ,
ಒತ್ತಿದರೆ ಎತ್ತಿಕೊಂಡ ಕೂಸಿನಂತೆ ಸುಮ್ಮನಾಗುತ್ತದಂತೆ.
ಎಷ್ಟು ಎತ್ತರ?
ದನಿಯ ಎತ್ತರ ಹೇಗೆ ತೋರಿಸುವುದು!
ಕೈಯನ್ನು ಸೊಂಟದಿಂದ ಭುಜಕ್ಕೆ, ತಲೆಗೆ,
ಕೊನೆಗೆ ತುದಿಗಾಲಲ್ಲಿ ನಿಂತು ಆಕಾಶಕ್ಕೆ.
ಗಾಜುಗಟ್ಟಿದೆ! ಎಂದ ಬಾಯಲ್ಲೇ,
ತನಗೆ ಕೇಳದ ತನ್ನ ದನಿಯಲ್ಲಿ, ಬೀದಿಗೆಲ್ಲ ಕೇಳುವಷ್ಟು.

ಹಿಂಚಕ್ರಕ್ಕೆ ಕಲ್ಲು.
ನೆಲ ಬಿಡುವ ಮುಂಚೆಯೇ ನಟ್ಟುಗಳಿಗೆ ಒಂದು ಸುತ್ತು ಸಡಿಲ.
ಜ್ಯಾಕನ್ನು ನಂಬಲಿಲ್ಲ ಅವನು, ಕಬ್ಬಿಣದ ಕಾಲು ಕೊಟ್ಟ.
ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿ ತೂಗಿಸಿದ:
ರಬ್ಬರು ನಳಿಗೆ ಹೊರುವ ಜಾತಿಯದಲ್ಲ.
ಕಪ್ಪು ಪುಡಿ ಕಂಡು ಊದಹೋದೆ,
ಅವನ ಅಂಗೈ ಬಂದು ನನ್ನ ಬಾಯಿ ಮುಚ್ಚಿತು.
ಒದ್ದೆ ಬಟ್ಟೆ ಕೈಗಿತ್ತ.

ಪ್ಯಾಡುಗಳು ಅರ್ಧಕ್ಕಿಂತ ಹೆಚ್ಚೇ ಉಳಿದಿದ್ದವು.
ಮುಖ ಮಾತ್ರ ಹೊಳೆಯುತ್ತಿತ್ತು,
ಮೊಟ್ಟೆ ಸವರಿ ಬೇಯಿಸಿದ ಬನ್ನಿನ ಹಾಗೆ.
ಗೇರಿಗೆ ಕೆಲಸ ಕೊಡದೆ, ಇಳಿಜಾರಿನುದ್ದಕ್ಕೂ
ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯುತ್ತಿದ್ದವಳು ನಾನು.
ಬೈಯಲಿಲ್ಲ. ಪ್ಯಾಡನ್ನು ನನ್ನ ಮೂಗಿಗೆ ಹಿಡಿದ.
ಬೇಕರಿಯವಳಿಗೆ
ಸೀದದ್ದನ್ನು ಬಿಡಿಸಿ ಹೇಳಬೇಕೆ?

ಜಾರುಪಿನ್ನುಗಳಲ್ಲಿ ಒಂದು ಬೆರಳಿಗೇ ಬಂತು.
ಇನ್ನೊಂದಕ್ಕೆ ಜಲಸಂಧಿಯ ಉಪ್ಪೆಲ್ಲ ನೆಂಟ;
ಎಣ್ಣೆ, ತಟ್ಟು, ಮಾತೆ ಕುಡಿದು ಕಾಯುವುದು, ಮತ್ತೆ ತಟ್ಟು.
ಆಮೇಲೆ ಮರಳುಕಾಗದ, ಹೊಳಪು ಹೋಗಿ
ಬೂದಿ ಬರುವವರೆಗೆ. ಅಂಚಿಗೆ ತುಸು ಓರೆ.
ಪಿನ್ನಿಗೆ ಗ್ರೀಸು, ಪ್ಯಾಡಿನ ಬೆನ್ನಿಗೆ ಉಗುರಿನಷ್ಟು,
ಮುಖಕ್ಕೆ ಸೋಕಿದರೋ —
ಕತ್ತಿನ ಮೇಲೆ ಅಡ್ಡಲಾಗಿ ಬೆರಳೆಳೆದು ತೋರಿಸಿದ.

ಎರಡೂ ಬದಿ ಮುಗಿದು, ಕೀಲಿಗೆ ಕೈ ಹಾಕಿದ್ದೆ,
ಬಾನೆಟ್ಟಿನ ಮೇಲೆ ಗುದ್ದಿದ: ಪೆಡಲ್! ಮೊದಲು ಪೆಡಲ್!
ಮೊದಲ ಒತ್ತಿಗೆ ಅದು ತಳಕ್ಕೇ ಇಳಿಯಿತು,
ಜೊತೆಗೆ ನನ್ನ ಜೀವವೂ.
ಆರನೆಯದಕ್ಕೆ
ಪಾದದಡಿ ನೆಲ ಸಿಕ್ಕಿತು.

ಮರುದಿನ ಐದಕ್ಕೆ ಬೀದಿಯಿಳಿದೆ.
ಒಂದು ಬಾಗಿಲೂ ತೆರೆಯಲಿಲ್ಲ.
ಎಂಟಕ್ಕೆ ದೊಮಿತಿಲಾ ಜಗಳಕ್ಕೆ ಬಂದಳು,
ಎಬ್ಬಿಸದೆ ಹೋಗುವುದು ಯಾವ ನ್ಯಾಯ ಎಂದು.
ಪಾದ್ರಿ ಪೂಜೆಗೇ ತಡವಾದನಂತೆ.

ಆನ್ಸೆಲ್ಮೊನ ಕಿಟಕಿಯಲ್ಲಿ ರಟ್ಟು:
ದಿನಾ ನನ್ನ ತುವೆರ್ಕಾಳ ಕಿವಿ ನಿಮಿರುತ್ತಿತ್ತು.
ಅದನ್ನು ನೋಡಿ ನೀರು ಕಾಯಲಿಡುತ್ತಿದ್ದೆ.
ಇವತ್ತು ನಾಯಿ ಮಲಗೇ ಇತ್ತು.

ಈಗ ತಿರುವಿನಲ್ಲಿ ಎರಡು ಸಲ ದೀಪ ಮಿಟುಕಿಸುತ್ತೇನೆ;
ಅವನ ಅಡುಗೆಮನೆಯ ಗೋಡೆ ಬೆಳಗಿ ಆರುತ್ತದೆ.
ಉಳಿದವರಿಗೆ ಹಾರನ್ನು.

ಈಚೆಗೆ ಎಡಗಡೆಯ ಹಿಂಚಕ್ರದಲ್ಲಿ
ಏನೋ ಸಣ್ಣಗೆ ಶುರುವಾಗಿದೆ.
ಅವನಿಗೆ ಹೇಳಿಲ್ಲ ಇನ್ನೂ.
ನಾಯಿಗೆ ಗೊತ್ತು.